ದನಿ ಹೋದ ಮೇಲೆ ಮೇಡಂ ಬರೆದದ್ದು

ಮೊನ್ನೆ ಕೂಲರಿಗೆ ಹೊಸ ಹುಲ್ಲು ಹಾಕಿಸಿ ನೀರು ಬಿಟ್ಟಾಗ ಎದ್ದ ಹಸಿ ವಾಸನೆಗೆ, ಕೈಲಿದ್ದ ಕೆಲಸ ಬಿಟ್ಟು ಸುಮ್ಮನೆ ಕುಳಿತುಬಿಟ್ಟೆ. ಶಹಾಪುರದ ನಮ್ಮ ಮೇಡಂ ಮನೆಯ ಪಡಸಾಲೆಯಲ್ಲೂ ಇದೇ ವಾಸನೆ ಇರುತ್ತಿತ್ತು. ಲ್ಯಾಪ್‌ಟಾಪ್ ಕಾದು ಬಂದ್ ಬೀಳುತ್ತದೆಂದು ಅದನ್ನು ಕೂಲರಿನ ಎದುರಿಗಿಟ್ಟು, ತಾವು ಪಕ್ಕದಲ್ಲಿ ಬೆವರುತ್ತ ಕೂರುತ್ತಿದ್ದರು.

ಕಾಲೇಜಿನಲ್ಲಿ ನನಗೆ ಕಂಪ್ಯೂಟರ್ ಕಲಿಸಿದವರು ಅವರು. ಆಚೆ ಕೋಣೆಗೂ ಕೇಳುವಂಥ ದನಿ. ನಾನು ಅದೇ ಕಾಲೇಜಿಗೆ ಪಾಠ ಮಾಡಲು ಸೇರಿದ ವರ್ಷ ಅವರ ಗಂಟಲಿನಲ್ಲಿ ಗಡ್ಡೆ ಕಾಣಿಸಿಕೊಂಡಿತು. ಆಪರೇಷನ್ ಆಯಿತು. ಜೀವ ಉಳಿಯಿತು, ದನಿ ಹೋಯಿತು. ಕೆಲಸ ಬಿಟ್ಟರು. ನೋಡಲು ಹೋದವರೆಲ್ಲ, ಕಿವಿ ಕೇಳಿಸದವರ ಜೊತೆ ಮಾತಾಡುವಂತೆ, ಜೋರಾಗಿ ಮಾತಾಡುತ್ತಿದ್ದರು. ಅದು ಮೇಡಂಗೆ ಸಾಕಾಗಿಹೋಗಿತ್ತು.

ಒಂದು ಮಧ್ಯಾಹ್ನ ಹೋದಾಗ ಅವರ ಅವ್ವ ಬಾಗಿಲಲ್ಲೇ ಹೇಳಿದರು: "ಬಾರವ್ವ. ಮುಂಜಾನಿಯಿಂದ ಅದೇನೋ ಬರಿಯಾಕತ್ತಾಳ. ನಡುವ ನಗತಾಳ ಸೈತ."

ಮೇಡಂ ಕೈ ಹಾಕಿದ್ದು ಒಂದು ಕಂಪೈಲರಿಗೆ: ಮನುಷ್ಯರು ಬರೆದ ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ತಿರುಗಿಸುವಂಥದ್ದು. ಯಾರು ಬೇಕಾದರೂ ತಿದ್ದಿ ಬೆಳೆಸಬಹುದಾದದ್ದು. ಒಂದೇ ಕೆಲಸವನ್ನು ಪ್ರೊಸೆಸರಿನೊಳಗೆ ಲೆಕ್ಕ ಮಾಡುವ ಎಲ್ಲ ಕೋರ್‌ಗಳೂ ಹಂಚಿಕೊಂಡು ಏಕಕಾಲಕ್ಕೆ ಮಾಡುವಂತೆ ಮೇಡಂ ಅದಕ್ಕೆ ಹೊಸ ಸೌಲಭ್ಯ ಸೇರಿಸುತ್ತಿದ್ದರು. ನನಗೆ ತಿಳಿಯಲೆಂದು ಪರದೆಯ ಮೇಲೆ ಟೈಪ್ ಮಾಡಿದರು: "ಸಗರದ ನಮ್ಮ ಹೊಲದಾಗ ಹತ್ತಿ ಬಿಡಿಸಾಕ ಎಂಟು ಮಂದಿ ಇಳದ್ರ ಲಗೂನ ಮುಗೀತದ. ಎಲ್ಲಾರೂ ಒಂದ ಗಿಡಕ್ಕ ಕೈ ಹಾಕಿದ್ರ? ಆ ಜಗಳ ಬಿಡಿಸಾಕತ್ತೇನಿ." ಅದರ ಕೆಳಗೆ ಇನ್ನೊಂದು ಸಾಲು: "ಈ ಕೆಲಸದಾಗ ಇರೋ ಮಂದಿ ಎಲ್ಲಾರೂ ಬರದು ಮಾತಾಡ್ತಾರ. ನಾನೂ ಎಲ್ಲಾರಂಗ."

ಅವರು ಬರೆದದ್ದನ್ನು ನಾನು ನನ್ನ ಕಂಪ್ಯೂಟರಿನಲ್ಲಿ ಓಡಿಸಿ ನೋಡಿ, ಹೇಗೆ ನಡೆಯಿತೆಂದು ಹೇಳುತ್ತಿದ್ದೆ. ಕಂಪೈಲರನ್ನು ನೋಡಿಕೊಳ್ಳುವ ದೂರದೇಶದ ಬಳಗ ಅದನ್ನು ಮತ್ತೆ ಮತ್ತೆ ಹಿಂದಕ್ಕೆ ಕಳಿಸಿತು. ಓಡಿಸಿದಾಗಲೆಲ್ಲ ಒಂದೇ ಲೆಕ್ಕಕ್ಕೆ ಬೇರೆ ಬೇರೆ ಉತ್ತರ ಬರುತ್ತಿತ್ತು. ಮೇಡಂ ಬೇಸರಿಸದೆ ತಿದ್ದಿ ತಿದ್ದಿ ಕಳಿಸಿದರು. ಅಷ್ಟರಲ್ಲಿ ಗಡ್ಡೆ ಮತ್ತೆ ಬಂತು…

ಕಲಬುರಗಿಯ ಆಸ್ಪತ್ರೆಯಲ್ಲಿದ್ದಾಗ ಅವರ ಕೋಡ್ ಒಪ್ಪಿಗೆಯಾಯಿತು. ಜೊತೆಗೊಂದು ಆಮಂತ್ರಣ: ಬಳಗದ ಸಮಾವೇಶಕ್ಕೆ ಬಂದು ಇದರ ಬಗ್ಗೆ ಮಾತಾಡಬೇಕು. ನಾನು ಓದಿ ಹೇಳಿದೆ. ಮೇಡಂ ಸದ್ದಿಲ್ಲದೆ, ಭುಜ ಕುಲುಕುವಂತೆ ನಕ್ಕರು. ಅವ್ವ ಗಾಬರಿಯಾಗಿ, "ಏನಾತವ್ವ?" ಎಂದು ನನ್ನನ್ನು ಕೇಳಿದರು.

"ಭಾಷಣಕ್ಕ ಕರದಾರ್ರಿ," ಅಂದೆ.

ಅವ್ವ ಸೆರಗು ಬಾಯಿಗೆ ಹಿಡಿದುಕೊಂಡು ಹೊರಗೆ ಹೋದರು.

ಮೇಡಂ ನನ್ನ ಫೋನ್ ತೆಗೆದುಕೊಂಡು ಟೈಪ್ ಮಾಡಿದರು: "ಒಂದು ಸಣ್ಣ ತಪ್ಪು ಉಳದದ. ಮನಿಗಿ ಹೋದ ಮ್ಯಾಲ ತಿದ್ದತೀನಿ ಅಂತ ಬರಿ." ಬಳಗಕ್ಕೆ ಹಾಗೆಯೇ ಬರೆದೆ. ಅವರು ಮನೆಗೆ ಬರಲಿಲ್ಲ.

ಬಳಗಕ್ಕೆ ಸುದ್ದಿ ನಾನೇ ತಿಳಿಸಿದೆ. ಮೇಡಂಗೆ ದನಿ ಇರಲಿಲ್ಲವೆಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಆ ತಪ್ಪು ಬಳಗದ ಕೆಲಸದ ಪಟ್ಟಿಯಲ್ಲಿ ಎಷ್ಟೋ ಕಾಲ ಮೇಡಂ ಹೆಸರಿನಲ್ಲೇ ಬಾಕಿ ಇತ್ತು. ತಿದ್ದಲು ನನಗೂ ಬರುತ್ತಿತ್ತು, ಮನಸ್ಸು ಬರಲಿಲ್ಲ. ಈ ವಾರ ಯಾರೋ ತಿದ್ದಿದ್ದಾರೆ, ಚೆನ್ನಾಗಿಯೇ ತಿದ್ದಿದ್ದಾರೆ. ಓಡಿಸಿ ನೋಡಿದೆ, ಪ್ರತಿ ಸಲವೂ ಸರಿಯಾದ ಉತ್ತರ. ಇನ್ನು ಮೇಡಂ ಬಂದು ಮಾಡಬೇಕಾದದ್ದು ಎಲ್ಲಿಯೂ ಏನೂ ಉಳಿದಿಲ್ಲ…