ತಲೆ ತೆಗೆದ ಕೊರಮೀನು

ಕಾಫಿ ಆಮೇಲೆ ಕುಡೀವಂತೆ ರಮ್ಯಾ, ಮೊದ್ಲು ಈ ಅಜ್ಜಿ ಹೇಳಿದ್ದು ಬರ್ಕ. ಸಿಟ್ಟಿನಾಗೆ ನಂಗೆ ಅರ್ಧ ಮರ್ತೋಗ್ತೈತೆ. ಮೇಲೆ ಎರಡ್ ಸಾವ್ರದ ಒಂಬತ್ತು ಅಂತ ಇಸ್ವಿ ಹಾಕು. ನಮ್ ಆದಿವಾಲದ ಓಬಮ್ಮನ ವಿಷ್ಯ ಕಣೆ, ನೀನು ಕೂಸಾಗಿದ್ದಾಗ ಎಣ್ಣೆ ತಿಕ್ಕಿ ನೀರು ಹಾಕ್ದೋಳು. ಊರೆಲ್ಲ ಕೇಳಂಗೆ ಅರಚಿದ್ದೆ ನೀನು. ಇರ್ಲಿ.

ಓಬಮ್ಮ ಇಪ್ಪತ್ತು ವರ್ಷದಿಂದ ಮಾರಿಕಣಿವೆ ಡ್ಯಾಮಿನ ಕೊರಮೀನು, ಅದೇ ಹಾವಿನಂಥ ತಲೆ ಇರೋದು, ತಂದು ಹೊಸದುರ್ಗದ ಸಂತೆನಾಗೆ ಮಾರ್ತಿದ್ಲು. ಬೇವಿನ ಮರದ ಕೆಳಗೆ ಅವಳ ಜಾಗ. ಅಲ್ಲಿ ಒಂದಿಷ್ಟು ಮನೇರು ಅವ್ರೆ, ಮೀನು ಬೇಕು, ತಿಂತಾರೆ ಅಂತ ಬೀದಿಗೆ ಗೊತ್ತಾಗ್ಬಾರ್ದು. "ತಲೆ ಬಾಲ ತೆಗ್ದು, ಚರ್ಮ ಸುಲ್ದು, ಎಲೆನಾಗೆ ಸುತ್ತಿ ಕೊಡು ಓಬಮ್ಮ" ಅಂತಿದ್ರು. ಪಾಪ, ಮರ್ಯಾದಸ್ತರು ಅಂತ ಅವಳೂ ಹಂಗೇ ಕೊಟ್ಲು. ಕೆಟ್ಟಿದ್ದು ಅಲ್ಲೇ.

ಹೋದ ತಿಂಗಳು ಶಿವಕುಮಾರಪ್ಪನ ಹೋಟ್ಲಾಗೆ ಉಂಡೋರಿಗೆಲ್ಲ ವಾಂತಿ ಭೇದಿ. ಸರ್ಕಾರ ಸಾಕಬ್ಯಾಡ್ರಿ ಅಂದಿರೋ ಮೀಸೆ ಮೀನು, ಆಫ್ರಿಕಾ ಕ್ಯಾಟ್‌ಫಿಶ್ಶು, ಎಷ್ಟು ದಿನದ್ದೋ ಏನೋ, ಅಗ್ಗಕ್ಕೆ ತಂದು ಕೊರಮೀನು ಅಂತ ಬಡಿಸಿದ್ದ ಆ ಮನೆಹಾಳ. ಕೇಳಿದ್ರೆ, "ಓಬಮ್ಮ ಕೊಟ್ಟಿದ್ದು" ಅಂದ. ಸಂತೆ ನೋಡ್ಕಳೋ ಸಾಹೇಬ ಬಂದು ಬುಟ್ಟಿ ಎತ್ತಿಸ್ದ.

"ಇದು ಕೊರಮೀನೇ ಸಾ."

"ತಲೆ ಎಲ್ಲಮ್ಮ? ತಲೆ ಇಲ್ದೆ ಯಾವ ಮೀನು ಅಂತ ಹೆಂಗೆ ಹೇಳಾಣ?"

"ನಿಮ್ ತಲೆ ತೆಗೆದ್ರೆ ನಿಮ್ಮೆಂಡ್ರು ಗುರ್ತು ಹಿಡಿಯಲ್ವೇನ್ ಸಾ?"

ಅಷ್ಟಂದಿದ್ದಕ್ಕೆ ಅವತ್ತೇ ಜಾಗ ಹೋಯ್ತು.

ಕಾಲೇಜಿನ ಮೇಡಮ್ಮು ಅನುಸೂಯ, ಅವಳೂ ಎಲೆನಾಗೆ ಸುತ್ತಿಸ್ಕಳೋ ಗಿರಾಕಿನೇ. ಹೋಟ್ಲಾಗೆ ಊಟ ಕೆಟ್ಟ ದಿನವೇ ಓಬಮ್ಮನ ಹತ್ರ ತಗಂಡಿದ್ದ ಒಂದು ತುಂಡು ಅವಳ ಫ್ರಿಜ್ಜಿನಾಗೆ ಇತ್ತು. ಅದನ್ನೂ, ಯಾರೋ ಹೋಟ್ಲಿಂದ ಪಾರ್ಸಲ್ ತಂದು ಉಳಿಸಿದ್ದ ಸಾರಿನ ತುಂಡನ್ನೂ ಬೆಂಗಳೂರಿನ ಲ್ಯಾಬಿಗೆ ಕಳ್ಸಿದ್ಲು. ಡಿಎನ್‌ಎ ಟೆಸ್ಟಂತೆ. ತಲೆ ಇಲ್ದಿದ್ರೂ, ಬೇಯಿಸಿದ್ರೂ ಯಾವ ಮೀನು ಅಂತ ಹೇಳ್ತೈತೆ. ಓಬಮ್ಮಂದು ಅಪ್ಪಟ ಕೊರಮೀನು, ಹೋಟ್ಲಿಂದು ಕ್ಯಾಟ್‌ಫಿಶ್ಶು ಅಂತ ಕಾಗ್ದ ಬಂತು.

ಓಬಮ್ಮ ಕಾಗ್ದ ಹಿಡ್ಕಂಡು ಓಡಿದ್ಲು. ಸಾಹೇಬ ಅಂದ, "ಈ ತುಂಡು ನಿಂದೇ ಅಂತ ಯಾರು ಹೇಳ್ತಾರೆ? ಕೊಂಡೋರು ರುಜು ಹಾಕ್ಲಿ. ಸೋಮವಾರದೊಳಗೆ ತರ್ಲಿಲ್ಲ ಅಂದ್ರೆ ಜಾಗ ಬ್ಯಾರೇರಿಗೆ."

ಅನುಸೂಯನ ಮನೆಗೆ ಹೋದ್ರೆ ಅವಳು ಅರ್ಧ ಬಾಗ್ಲು ತೆಗ್ದು, "ಮೆಲ್ಲಗೆ ಮಾತಾಡ್ರಿ ಓಬಮ್ಮ, ಅತ್ತೆ ಪೂಜೆಗೆ ಕುಂತವ್ರೆ. ಟೆಸ್ಟು ಮಾಡ್ಸಿದೀನಲ್ಲ, ನನ್ ಹೆಸ್ರು ಮಾತ್ರ ಬ್ಯಾಡ" ಅಂದ್ಲು.

ಓಬಮ್ಮಂಗೆ ಮೈಯೆಲ್ಲ ಉರ್ದೋಯ್ತು. "ನನ್ ಮೀನು ನಿಮ್ ಹೊಟ್ಟೆಗಾಗ್ತೈತೆ, ನನ್ ಹೆಸ್ರು ನಿಮ್ ಬಾಯಿಗಾಗಲ್ವೇನವ್ವ?" ಅಂದು ಬಂದೋಳು, ನಿನ್ನೆಯಿಂದ ಒಂದು ತುತ್ತು ಉಂಡಿಲ್ಲ.

ಅದ್ಕೇ ಬರೆಸ್ತಿರೋದು ಕಣೆ. ನಾಳೆ ಬೆಳಗಿನ ಬಸ್ಸಿಗೆ ಹೊಸದುರ್ಗಕ್ಕೆ ಹೋಗು. ಅನುಸೂಯನ ಬಾಗ್ಲಾಗೆ ನಿಂತ್ಕಂಡು ಇದನ್ನ ಅವಳ ಅತ್ತೆಗೆ ಕೇಳಂಗೆ ಗಟ್ಟಿಯಾಗಿ ಓದು. ರುಜು ಹಾಕೋವರ್ಗೂ ನಿಲ್ಲಿಸ್ಬ್ಯಾಡ. ಪೆನ್ನು ನೀನೇ ತಗಂಡೋಗು, ಇಲ್ದಿದ್ರೆ ಪೆನ್ನಿಲ್ಲ ಅಂತಾಳೆ.