ಕಗೇಹಳ ಬೂದಿ, ಹುಳಿ ಬಿಡದ ಮಣ್ಣು

ವಿಹಿಗದ ಗುಡ್ಡದಲ್ಲಿ ಕಗೇಹಳಷ್ಟು ಬೂದಿ ಹೊತ್ತ ಹೆಂಗಸು ಇನ್ನೊಬ್ಬಳಿರಲಿಲ್ಲ. ಎರಡು ಮಳೆಗಾಲ, ದಿನ ಬೆಳಗಾದರೆ ಒಂದು ಬುಟ್ಟಿ. ಅಷ್ಟಾದರೂ ಹಿತ್ತಲಿನ ಸುಕುಮಾ ಸೊಪ್ಪು ಗೇಣುದ್ದ ಏಳುವ ಮೊದಲೇ ನೇರಳೆ ಬಣ್ಣಕ್ಕೆ ತಿರುಗಿ ಮುದುಡಿ ಕೂರುತ್ತಿತ್ತು. ಎಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ಅತ್ತೆ ಇಮಾಲಿ ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದಳು: "ಈ ಸಲಾನೂ ಏಳದಿದ್ರೆ ಹಿತ್ತಲು ಅಯುಮಾಗೆ. ಅವಳ ಕೈಗುಣ ಚೆನ್ನಾಗಿದೆ."

ಅಯುಮಾ ಕಿರಿಸೊಸೆ, ಪಕ್ಕದಲ್ಲೇ ಬೇರೆ ಒಲೆ ಹೂಡಿದವಳು, ಬಂದು ಮೂರು ವರ್ಷವಾಗಿತ್ತು. ಕಗೇಹ ಬಂದು ಇಪ್ಪತ್ತೆರಡು. ಅಷ್ಟು ದೊಡ್ಡ ಮನೆಯಲ್ಲಿ ತನ್ನದು ಎನ್ನಲು ಅವಳಿಗಿದ್ದದ್ದು ಆ ಹಿತ್ತಲೊಂದೇ. ಅದೂ ಹೋದರೆ ಊರಿನ ಬಾಯಿಗೆ ಬೀಗ ಹಾಕುವವರು ಯಾರು?

ಮಣ್ಣು ಪರೀಕ್ಷೆ ಮಾಡುವ ಮುದಾಕಿ ಹಿಂದಿನ ವರ್ಷವೇ ಬಂದು, ಮಣ್ಣು ತೀರಾ ಹುಳಿಯಾಗಿದೆ, ಸುಣ್ಣ ಹಾಕಿ, ಸಿಗದಿದ್ದರೆ ಒಲೆಯ ಬೂದಿಯಾದರೂ ಹಾಕಿ ಎಂದಿದ್ದ. ಈಗ ಮತ್ತೆ ಬಂದು, ಮಣ್ಣು ಕದಡಿದ ನೀರಿನಲ್ಲಿ ಹುಳಿ ಅಳೆಯುವ ಕಾಗದದ ಪಟ್ಟಿ ಅದ್ದಿ ನೋಡಿದ. ಅಂಕ ಕಡಿಮೆಯಾದಷ್ಟೂ ಹುಳಿ ಹೆಚ್ಚು; ಅದು ಆಗಲೂ ಐದು ದಾಟಿರಲಿಲ್ಲ, ಈಗಲೂ ದಾಟಿಲ್ಲ.

"ಅಕ್ಕಾ, ನಿಜ ಹೇಳಿ. ಬೂದಿ ಹಾಕಿದ್ರಾ?"

ಕಗೇಹಳ ಮೈಯೆಲ್ಲ ಉರಿದುಹೋಯಿತು. "ಹಾಕಿದ್ರಾ ಅಂತಾನೆ! ನನ್ನ ಸೊಂಟ ಕೇಳು ತಮ್ಮಾ, ಅದು ಹೇಳುತ್ತೆ. ಬಾ, ಬೂದಿನೇ ತೋರಿಸ್ತೀನಿ."

ಅಡುಗೆಮನೆಯ ಮೂಲೆಯಲ್ಲಿ ತಳ ತೂತಾದ ಮಡಕೆಯಿತ್ತು. ಹುರುಳಿಕಾಯಿ ಸಿಪ್ಪೆ ಸುಟ್ಟ ಬೂದಿಯನ್ನು ಅದರಲ್ಲಿ ತುಂಬಿ ಮೇಲೆ ನೀರು ಹೊಯ್ದರೆ ಕೆಳಗೆ ಕಂದು ನೀರು ತೊಟ್ಟಿಕ್ಕುತ್ತದೆ. ಅದನ್ನು ಹಾಕದೆ ಆ ಮನೆಯಲ್ಲಿ ನಾರುನಾರಾದ ಮ್ರೆಂಡಾ ಸೊಪ್ಪು ಮೆತ್ತಗೆ ಬೆಂದದ್ದೇ ಇಲ್ಲ. ಮಡಕೆಯಲ್ಲಿ ಉಳಿದ ಒದ್ದೆ ಬೂದಿಯನ್ನೇ ಕಗೇಹ ದಿನವೂ ಬುಟ್ಟಿಗೆ ಸುರಿದುಕೊಳ್ಳುತ್ತಿದ್ದಳು.

ಮುದಾಕಿ ಹಣೆ ಚಚ್ಚಿಕೊಂಡ. "ಅಕ್ಕಾ, ಇದರ ಸತ್ವ ಮುಕ್ಕಾಲು ಪಾಲು ನೀರಲ್ಲೇ ಇಳಿದುಹೋಗಿದೆ. ನಿಮ್ಮ ಮಣ್ಣಿಗೆ ಸಿಗಬೇಕಾದ್ದನ್ನ ನೀವೇ ಸೊಪ್ಪಿಗೆ ಹಾಕ್ಕೊಂಡು ತಿಂದಿದ್ದೀರಿ!"

ಬಾಗಿಲಲ್ಲಿ ಹುರುಳಿಕಾಯಿ ಬಿಡಿಸುತ್ತಿದ್ದ ಇಮಾಲಿ ತಲೆಯೆತ್ತಲೂ ಇಲ್ಲ. "ಅದೇನು ದೊಡ್ಡ ವಿಷಯ? ನಾನು ಸೊಪ್ಪು ಬೆಳೀತಿದ್ದಾಗ ಮೊದಲ ಮೊರ ಒಣಬೂದಿ ಹಿತ್ತಲಿಗೆ, ಉಳಿದದ್ದು ಮಡಕೆಗೆ."

ಕಗೇಹ ಅತ್ತೆಯ ಕಡೆ ತಿರುಗಿದಳು. "ಗೊತ್ತಿತ್ತಾ ಅತ್ತೆ ನಿಮಗೆ? ಎರಡು ಮಳೆಗಾಲ ನಾನು ಈ ಹಿಂಡಿದ ಬೂದಿ ಹೊತ್ತದ್ದನ್ನ ನೋಡ್ತಾ ಕೂತಿದ್ರಾ? ಒಂದು ಮಾತು ಹೇಳಬಾರದಿತ್ತಾ?"

"ನೀನು ಕೇಳಲಿಲ್ವಲ್ಲ. ಬಂದ ದಿನದಿಂದ ನಿನಗೆ ಎಲ್ಲಾ ಗೊತ್ತು."

ಕಗೇಹ ಬುಟ್ಟಿ ಎಳೆದುಕೊಂಡಳು. ಒಲೆ ತೋಡಿ, ಇದ್ದಬದ್ದ ಒಣಬೂದಿಯನ್ನೆಲ್ಲ ಬಳಿದು ಹಿತ್ತಲಿಗೆ ಹೊತ್ತಳು. ಮಣ್ಣು ಕೆದಕಿ ಬೆರೆಸುವಾಗ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಸಂಜೆ ಮೆಕ್ಕೆಜೋಳದ ಮುದ್ದೆ ಉಗಾಲಿಯ ಜೊತೆ ಮ್ರೆಂಡಾ ಬಡಿಸಿದಳು. ಇಮಾಲಿ ಒಂದು ತುತ್ತು ಬಾಯಿಗಿಟ್ಟು ಎಷ್ಟು ಹೊತ್ತು ಅಗಿದರೂ ಸೊಪ್ಪು ಇಳಿಯಲಿಲ್ಲ.

"ಇದೇನೇ ಇದು, ಬೂದಿನೀರು ಹಾಕಿಲ್ವಾ?"

"ನೀವು ಹೇಳಲಿಲ್ವಲ್ಲ ಅತ್ತೆ," ಎಂದಳು ಕಗೇಹ.

ಊಟಕ್ಕೆ ಜೊತೆಗೆ ಕೂತಿದ್ದ ಅಯುಮಾ ಕಿಸಕ್ಕನೆ ನಕ್ಕಳು. ಇಮಾಲಿ ಇದ್ದ ನಾಲ್ಕು ಹಲ್ಲಿನಲ್ಲಿ ಮತ್ತೂ ಅಗಿದಳು. ನುಂಗಿದ ಮೇಲೆ ಕಿರಿಸೊಸೆಯ ಕಡೆ ತಿರುಗಿದಳು. "ನೀನೇನೇ ನಗೋದು? ಹಿತ್ತಲು ಇವಳದ್ದೇ. ನಾಳೆಯಿಂದ ನಿನ್ನ ಒಲೆ ಬೂದೀನೂ ಇವಳಿಗೇ ಕೊಡು, ಹಿತ್ತಲಿಗೂ ಮಡಕೆಗೂ ಸಾಲಲಿ. ನಾನು ಸಾಯೋ ತನಕ ಹೀಗೆ ಅಗೀಲಾ?"