ನೇರಳೆ ಬೆಳಕಿನಲ್ಲಿ ಕೂಡಿಬಂದ ಸಂಬಂಧ

ನನ್ನ ತುಟಿಯ ಬಲತುದಿಯಲ್ಲಿ ಒಂದು, ಎರಡೂ ಕೈಗಳ ಗೆಣ್ಣುಗಳ ಮೇಲೆ ಒಂದಷ್ಟು ಬಿಳಿ ಮಚ್ಚೆಗಳಿವೆ. ಕನ್ನಡದಲ್ಲಿ ತೊನ್ನು, ತೆಲುಗಿನಲ್ಲಿ ಬೊಲ್ಲಿ. ಹಿಂದೂಪುರದಲ್ಲಿ ಎಲ್ಲರಿಗೂ ಎರಡು ಭಾಷೆ ಬರುವುದರಿಂದ ನನಗೆ ಎರಡು ಅಡ್ಡಹೆಸರು. ಬಣ್ಣ ಹಾಕುವವನು ಅರ್ಧಕ್ಕೇ ಊಟಕ್ಕೆ ಎದ್ದುಹೋದ ಸೀರೆ ನಾನು ಎಂದು ನನಗೆ ನಾನೇ ಇಟ್ಟುಕೊಂಡ ಮೂರನೆಯ ಹೆಸರೂ ಉಂಟು. ಬೇರೆಯವರು ಆಡಿಕೊಳ್ಳುವ ಮೊದಲು ನಾನೇ ಆಡಿಕೊಂಡರೆ ಅವರ ಬಾಯಿ ಸಪ್ಪೆಯಾಗುತ್ತದೆ. ಈ ವಿದ್ಯೆಯನ್ನು ಶಾಲೆಯಲ್ಲೇ ಕಲಿತೆ. ಅಲ್ಲಿ ಕಲಿತದ್ದರಲ್ಲಿ ಕೆಲಸಕ್ಕೆ ಬಂದದ್ದು ಇದೊಂದೇ.

ನನ್ನ ಹೊಟ್ಟೆಪಾಡು ಮಿಮಿಕ್ರಿ. ಬಟ್ಟೆ ಅಂಗಡಿಯ ರಿಯಾಯಿತಿ, ಹೊಸ ಬೇಕರಿ, ಕಣ್ಣಿನ ಕ್ಯಾಂಪು, ಯಾವುದೇ ಇರಲಿ, ಆಟೋ ಮೇಲೆ ಮೈಕು ಕಟ್ಟಿಕೊಂಡು ಊರು ತಿರುಗುವ ಪ್ರಚಾರದ ದನಿ ನನ್ನದೇ. ಮುದುಕಿ, ಲೀಡರು, ಕಂಡಕ್ಟರು, ಜಗಳಗಂಟಿ ಸೊಸೆ, ಎಲ್ಲರೂ ನನ್ನ ಗಂಟಲಲ್ಲಿ ಬಾಡಿಗೆಗಿದ್ದಾರೆ. ದನಿಗೆ ಮಚ್ಚೆ ಇಲ್ಲ. ಎಫ್‌ಎಂ ಸ್ಟೇಷನ್ನಿಗೂ ಒಮ್ಮೆ ಅರ್ಜಿ ಹಾಕಿದ್ದೆ. ರೇಡಿಯೊ ಅಲೆಗಳಷ್ಟು ಮರ್ಯಾದಸ್ಥರು ಇನ್ನಿಲ್ಲ. ಮನೆಮನೆಗೂ ನುಗ್ಗುತ್ತವೆ, ಆದರೆ ಮಾತಾಡಿದವನ ಮುಖ ಹೇಗಿದೆ ಎಂದು ಯಾರಿಗೂ ಚಾಡಿ ಹೇಳುವುದಿಲ್ಲ. ಸ್ಟೇಷನ್ನಿನವರು ಅರ್ಜಿಯ ಜೊತೆ ಫೋಟೊ ಕೇಳಿದರು. ಅಲ್ಲಿಗೆ ಅದೂ ಮುಗಿಯಿತು.

ಈ ಮಚ್ಚೆ ಕೊಟ್ಟದ್ದು ನಮ್ಮ ಹಿತ್ತಲಾಚೆಯ ಮನೆಯ ತಾರಸಿಯ ಮೇಲಿನ ಮೊಬೈಲ್ ಟವರ್ ಎಂಬುದು ಅಮ್ಮನ ನಂಬಿಕೆ. ಟವರ್ ಬರುವ ಮೊದಲೇ ಮಚ್ಚೆ ಬಂದಿತ್ತು ಎಂದರೆ, "ಅದು ಬರ್ತದೆ ಅಂತ ಮೊದ್ಲೇ ಗೊತ್ತಾಗಿ ಬಂದದೆ ಕಣಪ್ಪ" ಎನ್ನುತ್ತಾಳೆ. ಅದೇ ಟವರಿನ ಕೃಪೆಯಿಂದ ರಾತ್ರಿ ಫೋನಿನಲ್ಲಿ ಧಾರಾವಾಹಿ ನೋಡುವಾಗ ಅವಳಿಗೆ ಸಿಟ್ಟು ಇರುವುದಿಲ್ಲ. ಅಪ್ಪನದು ಬೇರೆ ಲೆಕ್ಕ. ಒಂದು ಅಲೆ ಕೊಟ್ಟದ್ದನ್ನು ಇನ್ನೊಂದು ಅಲೆ ವಾಪಸು ತಗೊಳ್ಳಲಿ ಎಂದು ನನ್ನನ್ನು ಚರ್ಮದ ಡಾಕ್ಟರ ಹತ್ತಿರ ಕರೆದೊಯ್ದ.

ಡಾಕ್ಟರು ನನ್ನನ್ನು ಬೀರುವಿನಂಥ ಒಂದು ಪೆಟ್ಟಿಗೆಯಲ್ಲಿ ನಿಲ್ಲಿಸಿದರು. ಒಳಗೆ ಸುತ್ತಲೂ ಉದ್ದುದ್ದ ಟ್ಯೂಬುಗಳು. ಮೈಮೇಲೆ ಒಂದೇ ಚಡ್ಡಿ, ಕಣ್ಣಿಗೆ ವೆಲ್ಡಿಂಗ್ ಮಾಡುವವರಂಥ ಕನ್ನಡಕ. ನೇರಳಾತೀತ ಬೆಳಕು, ಕಣ್ಣಿಗೆ ಕಾಣುವುದಿಲ್ಲ, ಸತ್ತ ಬಣ್ಣವನ್ನು ಎಬ್ಬಿಸುತ್ತದೆ ಎಂದರು. ನನ್ನ ಮುಖ ನೋಡಿ ಬಿಡಿಸಿ ಹೇಳಿದರು: ರೇಡಿಯೊ ಅಲೆ, ಟವರಿನ ಅಲೆ, ಟಿವಿ ರಿಮೋಟಿನದು, ಕಣ್ಣಿಗೆ ಕಾಣುವ ಬೆಳಕು, ಇದು, ಮೂಳೆ ತೋರಿಸುವ ಎಕ್ಸ್-ರೇ, ಎಲ್ಲವೂ ಒಂದೇ ಮನೆಯ ಮಕ್ಕಳು, ಹಾಕುವ ಹೆಜ್ಜೆಯ ಉದ್ದ ಮಾತ್ರ ಬೇರೆ. ಹೊರಗೆ ಬಂದು ಡಾಕ್ಟರ ದನಿಯಲ್ಲೇ ಅಪ್ಪನಿಗೆ ಒಪ್ಪಿಸಿದೆ. ಅಪ್ಪ ನಗಲಿಲ್ಲ. "ಒಂದೇ ಮನೆ ಮಕ್ಳು ಅಂದ್ರೆ ಒಬ್ನು ಮಾಡಿದ್ದಕ್ಕೆ ಇನ್ನೊಬ್ರು ತಲೆ ತಗ್ಗಿಸ್ಬೇಕು" ಎಂದ. ಅದು ಅಲೆಗಳ ವಿಷಯವಲ್ಲ ಎಂದು ನನಗೆ ಗೊತ್ತಿತ್ತು.

ಆಗ ಅಕ್ಕನಿಗೆ ಕಲ್ಯಾಣದುರ್ಗದ ಸಂಬಂಧ ಬಂದಿತ್ತು. ಗಂಡಿನ ಅಪ್ಪನಿಗೆ ಅಲ್ಲಿ ಕಡಲೆಕಾಯಿ ಬಿಡಿಸುವ ಮಿಲ್ಲಿದೆ. ಹೆಣ್ಣು ನೋಡಲು ಬಂದ ದಿನ ನಾನು ಸೋಮಂದೇಪಲ್ಲಿಯಲ್ಲಿ ಪ್ರಚಾರದ ಆಟೋದಲ್ಲಿದ್ದೆ. ಇದ್ದೆ ಎಂದರೆ, ಇರಿಸಲಾಗಿತ್ತು. ತಮ್ಮನಿಗೆ ತೊನ್ನಿದ್ದರೆ ಅಕ್ಕನ ರಕ್ತದಲ್ಲೂ ಇರುತ್ತದೆ, ನಾಳೆ ಮಕ್ಕಳಿಗೂ ಬರುತ್ತದೆ ಎನ್ನುವ ಜನ. ಅಕ್ಕನಿಗೆ ಹುಡುಗ ಹಿಡಿಸಿದ್ದ, ಅದರಲ್ಲೂ ಅವನ ನಗೆ. ತಿಂಗಳುಗಟ್ಟಲೆ ಫೋನಿನಲ್ಲಿ ಗುಸುಗುಸು ನಡೆಯಿತು. ಅಮ್ಮ ಶಪಿಸುತ್ತಿದ್ದ ಟವರು ಆ ದಿನಗಳಲ್ಲಿ ಮನೆಗೆ ಬೇಕಾದದ್ದಾಯಿತು.

ನಮ್ಮವರ ಮದುವೆಯಲ್ಲಿ ಹೋಮದ ಹೊತ್ತಿಗೆ ಹೆಣ್ಣಿನ ಬೊಗಸೆಗೆ ಅರಳು ಸುರಿಯುವವನು ಅವಳ ಒಡಹುಟ್ಟಿದವನು. ಅಕ್ಕನಿಗೆ ಇರುವುದು ನಾನೊಬ್ಬ. ಜಗತ್ತಿನಲ್ಲಿ ಯಾವುದಕ್ಕೂ ಆಸೆಪಟ್ಟವನಲ್ಲ ಎಂದು ಜಂಬ ಕೊಚ್ಚಿಕೊಳ್ಳುವ ನಾನು ಆ ಒಂದು ಬೊಗಸೆ ಅರಳಿಗೆ ನಾಯಿಯ ಹಾಗೆ ಆಸೆಪಟ್ಟೆ. ಅಪ್ಪನಿಗೆ ಗೊತ್ತಿತ್ತು. ಅದಕ್ಕೇ ಅದನ್ನೇ ಹಿಡಿದ.

"ನಿಶ್ಚಿತಾರ್ಥದಾಗೆ ಯಾರ ಕಣ್ಣಿಗೂ ಬೀಳ್ದಂಗೆ ಮುಚ್ಕಂಡ್ರೆ ಅರಳು ನೀನೇ ಸುರೀತೀಯ. ಕಂಡ್ತಾ, ಮದ್ವೆ ದಿನ ಮನೇಲಿರ್ತೀಯ. ಆಯ್ತಾ?"

"ಆಯ್ತು."

ಹಿಂದೂಪುರದಲ್ಲಿ ಬ್ಯೂಟಿ ಪಾರ್ಲರ್ ಇಟ್ಟಿರುವ ಚಿಕ್ಕಮ್ಮ ಬಂದು ತುಟಿಗೂ ಗೆಣ್ಣುಗಳಿಗೂ ಕ್ರೀಮು ಮೆತ್ತಿದಳು. ಅಪ್ಪ ಮಗ್ಗದ ಮನೆಯಲ್ಲಿ ಬೆಳೆದವನು, ಈಗ ಸೀರೆ ವ್ಯಾಪಾರ. ರೇಷ್ಮೆ ಕೊಳ್ಳುವವರು ಬಣ್ಣವನ್ನು ಟ್ಯೂಬ್‌ಲೈಟಿನಲ್ಲಿ ನೋಡಿ ನಂಬುವುದಿಲ್ಲ. ಸೀರೆಯನ್ನು ಬಾಗಿಲಾಚೆ ಒಯ್ದು ಬಿಸಿಲಿಗೆ ಹಿಡಿಯುತ್ತಾರೆ. ಎರಡು ಬೆಳಕಿನಲ್ಲೂ ಸೆರಗಿನ ಬಣ್ಣ, ಒಡಲಿನ ಬಣ್ಣ ತಾಳೆಯಾದರೆ ಮಾಲು ಗಟ್ಟಿ. ಅಪ್ಪ ನನ್ನ ಗದ್ದ ಹಿಡಿದು ಮೊದಲು ಟ್ಯೂಬ್‌ಲೈಟಿನ ಕೆಳಗೆ ತಿರುಗಿಸಿದ. ಆಮೇಲೆ ಹೊಸ್ತಿಲಿಗೆ ಎಳೆದು ಬಿಸಿಲಿನಲ್ಲಿ ನೋಡಿದ. ಕೈಗಳನ್ನು ಮಗುಚಿ ಹಾಕಿದ.

"ಹೆಂಗೆ? ಮಾಲು ಪಾಸಾ?" ಎಂದೆ.

"ಬಾಯಿ ಮುಚ್ಲಾ, ಕ್ರೀಮು ಬಿರುಕು ಬಿಡ್ತದೆ" ಎಂದಳು ಚಿಕ್ಕಮ್ಮ.

"ಎರಡು ಬೆಳಕಲ್ಲೂ ಸರಿಗದೆ" ಎಂದ ಅಪ್ಪ. ಅಷ್ಟು ವರ್ಷಗಳಲ್ಲಿ ಅವನು ನನ್ನನ್ನು ಮೆಚ್ಚಿದ್ದು ಅದೊಂದೇ ಸಲ. ಬೆಳಕು ಎಂದರೆ ಎರಡೇ ಎಂಬುದರಲ್ಲಿ ನಮ್ಮ ಮನೆಯಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಮೂರನೆಯದರಲ್ಲಿ ವಾರವಾರವೂ ಚಡ್ಡಿಯಲ್ಲಿ ನಿಂತು ಬರುತ್ತಿದ್ದ ನನಗೂ ಇರಲಿಲ್ಲ.

ನಿಶ್ಚಿತಾರ್ಥ ಕಲ್ಯಾಣದುರ್ಗದ ಒಂದು ಫಂಕ್ಷನ್ ಹಾಲಿನಲ್ಲಿ. ಸಂಜೆ ಉಂಗುರ ಬದಲಾಯಿತು, ತಾಂಬೂಲದ ತಟ್ಟೆಗಳು ಬದಲಾದವು. ನಾನು ಗೋಡೆಗೆ ಅಂಟಿ, ಪಲಾವು ತಿನ್ನುವಾಗಲೂ ತುಟಿಗೆ ಚಮಚ ತಾಗದ ಹಾಗೆ ಮಗುವಿಗೆ ಔಷಧಿ ಹಾಕುವಂತೆ ಬಾಯಿಗೆ ಸುರಿದುಕೊಂಡೆ. ಸೆಖೆಗೆ ಕ್ರೀಮು ಸ್ವಲ್ಪ ತೆಳುವಾಯಿತು. ಚಿಕ್ಕಮ್ಮ ದೂರದಿಂದ ನೋಡಿ ಹೆಬ್ಬೆರಳು ಎತ್ತಿದಳು. ಅಷ್ಟರಲ್ಲಿ ಗಂಡಿನ ಅಪ್ಪ ಬಂದು ನನ್ನ ಹೆಗಲ ಮೇಲೆ ಕೈ ಹಾಕಿದರು.

"ಏನಬ್ಬಾಯಿ, ಮಿಮಿಕ್ರಿ ಮಾಡ್ತೀಯಂತೆ. ನಮ್ಮೋರ ಮುಂದೂ ಒಸಿ ಮಾಡು."

"ಗಂಟ್ಲು ಸರಿಗಿಲ್ಲ ಮಾಮ."

"ಸರಿಗಿಲ್ದೇನೇ ಇಷ್ಟು ಚೆಂದಾಗಿ ಮಾತಾಡ್ತೀಯ. ಬಾ ಬಾ."

ಅಪ್ಪನ ಕಡೆ ನೋಡಿದೆ. ಬೀಗರ ಮಾತು ತೆಗೆದುಹಾಕಬೇಡ ಎಂದು ಕಣ್ಣಲ್ಲೇ ಹೇಳಿದ. ವೇದಿಕೆ ಹತ್ತಿದೆ. ಕಂಡಕ್ಟರನ್ನು ಮಾಡಿದೆ, ನಕ್ಕರು. ಮದುವೆ ಊಟದಲ್ಲಿ ಎರಡನೆಯ ಸಲ ಪಾಯಸ ಕೇಳುವ ಮುದುಕನನ್ನು ಮಾಡಿದೆ, ಇನ್ನೂ ನಕ್ಕರು. ಡಿಜೆಯವನಿಗೆ ಹುರುಪು ಬಂದುಬಿಟ್ಟಿತು. ಹಾಲಿನ ಟ್ಯೂಬ್‌ಲೈಟುಗಳನ್ನೆಲ್ಲ ಆರಿಸಿ ತಾನು ತಂದಿದ್ದ ನೇರಳೆ ದೀಪಗಳನ್ನು ವೇದಿಕೆಯ ಮೇಲೂ ಜನರ ಮೇಲೂ ತಿರುಗಿಸಿದ.

ಮೊದಲು ಹೊಳೆದದ್ದು ಬಿಳಿ ಅಂಗಿಗಳು. ಸೋಪಿನ ಪುಡಿಯಲ್ಲಿ ಬೆಳ್ಳಗಾಗಲು ಬೆರೆಸುವ ವಸ್ತು ಈ ಬೆಳಕು ಬಿದ್ದರೆ ಉರಿಯುತ್ತದೆ. ಜನ ಓಹೋ ಎಂದರು. ನಾನು ಮೈಕು ಹಿಡಿದ ಕೈ ನೋಡಿಕೊಂಡೆ. ತೆಳುವಾದ ಕ್ರೀಮಿನಡಿ ನನ್ನ ಗೆಣ್ಣುಗಳು ಒಂದೊಂದೂ ಸೀಮೆಸುಣ್ಣದ ತುಂಡಿನ ಹಾಗೆ ಹೊಳೆಯುತ್ತಿದ್ದವು. ಬಣ್ಣವಿಲ್ಲದ ಚರ್ಮಕ್ಕೂ ಈ ಬೆಳಕಿಗೂ ಹಳೆಯ ಸ್ನೇಹ. ಡಾಕ್ಟರು ಮಚ್ಚೆ ಹುಡುಕುವುದೂ ಇಂಥದೇ ದೀಪ ಹಿಡಿದು. ಮುಂದಿನ ಸಾಲಿನ ಹೆಂಗಸೊಬ್ಬರು ತಮ್ಮ ಮಗುವನ್ನು ಎಳೆದುಕೊಂಡದ್ದು ನೋಡಿದಾಗ ತುಟಿಯೂ ಉರಿಯುತ್ತಿದೆ ಎಂದು ಗೊತ್ತಾಯಿತು.

"ಬೊಲ್ಲಿ ರಾ" ಎಂದು ಯಾರೋ ಅಂದರು. ಯಾರೋ ಕಿಸಕ್ಕೆಂದರು. ಆಮೇಲೆ ನಗು ಸಾಲಿನಿಂದ ಸಾಲಿಗೆ ಹೋಯಿತು. ಎಲ್ಲರಿಗಿಂತ ಜೋರಾಗಿ ಬಾಯಿ ತೆರೆದವರು ಗಂಡಿನ ಅಪ್ಪ. ಆ ಬಾಯಿಯ ಮೇಲಿನ ಸಾಲು ಕಪ್ಪು. ನಿಜವಾದ ಹಲ್ಲು ಆ ಬೆಳಕಿನಲ್ಲಿ ಹೊಳೆಯುತ್ತದೆ, ಕಟ್ಟಿಸಿದ್ದು ಮಂಕಾಗಿ ಮಾಯವಾಗುತ್ತದೆ. ಅವರ ಪಕ್ಕದಲ್ಲಿ ನಮ್ಮ ಭಾವ ಆಗುವವನು, ಅಕ್ಕನಿಗೆ ಹಿಡಿಸಿದ್ದ ಆ ನಗೆಯವನು, ತನ್ನಪ್ಪನನ್ನು ನೋಡಿ ತಾನೂ ಹಲ್ಲು ಕಿರಿದ. ಮುಂದಿನ ಎರಡು ಹಲ್ಲು ಇರಲೇ ಇಲ್ಲ.

ಮೈಕು ನನ್ನ ಕೈಯಲ್ಲಿತ್ತು. ಗಂಡಿನ ಅಪ್ಪನ ದನಿ ಆಗಲೇ ಗಂಟಲಿಗೆ ಇಳಿದಿತ್ತು. ಅದರಲ್ಲೇ ಹೇಳಿದೆ:

"ನಗಬೇಡ್ರೋ. ಅವನಿಗೆ ಇಲ್ದಿರೋದು ಬಣ್ಣ. ನಮ್ಗೆ ಇಲ್ದಿರೋದು ಹಲ್ಲು."

ಟ್ಯೂಬ್‌ಲೈಟು ಹಾಕಿದರು.

ಊಟದ ಕೋಣೆಯಲ್ಲಿ ಎಲೆ ತೆಗೆದ ಮೇಜುಗಳ ಸುತ್ತ ಎರಡೂ ಕಡೆಯ ಹಿರಿಯರು ಕೂತರು. "ಬೊಲ್ಲಿ ಹುಡುಗ ಮನೇಲವ್ನೆ ಅಂತ ಹೇಳಿಲ್ವಲ್ಲ" ಎಂದು ಅವರು. "ಹುಡುಗ ಬೈಕಿಂದ ಬಿದ್ದು ಹಲ್ಲು ಕಟ್ಟಿಸ್ಕಂಡವ್ನೆ ಅಂತ ನೀವೂ ಹೇಳಿಲ್ಲ" ಎಂದು ನಮ್ಮವರು. ಸಂತೆಯಲ್ಲಿ ಹುಣಸೆಹಣ್ಣಿನ ಗುಣ ನೋಡುವವರ ಹಾಗೆ ನನ್ನನ್ನೂ ಆ ಎರಡು ಹಲ್ಲುಗಳನ್ನೂ ಅಕ್ಕಪಕ್ಕ ಇಟ್ಟು ತೂಗಿದರು. ತೊನ್ನು ಅಂಟುವುದಿಲ್ಲ ಎಂದು ಡಾಕ್ಟರು ಹೇಳಿದ್ದಾರೆ ಎಂದೆ. "ಡಾಕ್ಟ್ರು ಅವ್ರ ಮಗ್ಳನ್ನ ಕೊಡ್ತಾರಾ ನಿಂಗೆ?" ಎಂದರು ಗಂಡಿನ ಅಪ್ಪ. ಉತ್ತರ ಒಳ್ಳೆಯದಿತ್ತು. ನಾನೇ ಅವರ ಬಾಯಿಗೆ ಹಾಕಿದ್ದರೂ ಅಷ್ಟು ಚೆನ್ನಾಗಿ ಬರುತ್ತಿರಲಿಲ್ಲ.

ಕೊನೆಗೆ ಒಪ್ಪಂದವಾಯಿತು. ಹುಡುಗನ ಹಲ್ಲಿನ ಮಾತು ನಾವು ಎತ್ತಬಾರದು. ಹುಡುಗಿಯ ತಮ್ಮ ಮದುವೆಯಲ್ಲಿ ಕಾಣಿಸಬಾರದು. ಹೋಮದ ಅರಳನ್ನು ಆ ಕೈ ಮುಟ್ಟುವುದಂತೂ ಬೇಡ, ಚಿಕ್ಕಮ್ಮನ ಮಗ ಸುರಿಯಲಿ. ಅಪ್ಪ ಮೇಜಿನ ಮೇಲೆ ಚೆಲ್ಲಿದ್ದ ಅನ್ನದ ಅಗುಳನ್ನು ಬೆರಳಲ್ಲಿ ಒತ್ತುತ್ತ ಕೂತಿದ್ದ. ಅಮ್ಮ ಮಾತ್ರ, ಅವಳ್ನೊಂದು ಮಾತು ಕೇಳ್ರಪ್ಪ, ಎಂದಳು. ಅಕ್ಕನನ್ನು ಕರೆದರು. ಅವಳು ಉಂಗುರ ತಿರುಗಿಸುತ್ತ ನಿಂತು ಎಲ್ಲವನ್ನೂ ಕೇಳಿಸಿಕೊಂಡಳು.

"ಆಯ್ತು, ಅಂಗೇ ಮಾಡ್ರಿ" ಎಂದಳು.

ಹಿಂದೂಪುರಕ್ಕೆ ವಾಪಸು ಬರುವಾಗ ವ್ಯಾನಿನಲ್ಲಿ ಅವಳು ನನ್ನ ಪಕ್ಕದಲ್ಲೇ ಕೂತಳು. ವ್ಯಾನು ಪೆನುಕೊಂಡ ದಾಟಿತು. ಆಮೇಲೆ, "ನೀನು ಯಾವಾಗ್ಲೂ ನನ್ನ ತಮ್ಮನೇ ಕಣ್ಲಾ. ಅವತ್ತೊಂದು ದಿನ ಬ್ಯಾಡ ಅಷ್ಟೇ" ಎಂದಳು.

"ಮರುದಿನದಿಂದ ಮತ್ತೆ ಡ್ಯೂಟಿಗೆ ಹಾಜರಾಗ್ಲಾ?" ಎಂದೆ.

ಅವಳು ನಕ್ಕಳು. ಅಷ್ಟು ಹಗುರಾಗಿ ನಕ್ಕಳಲ್ಲ ಎಂದು ಈಗಲೂ ಹೊಟ್ಟೆ ಉರಿಯುತ್ತದೆ.

ಮದುವೆ ಹಿಂದೂಪುರದಲ್ಲೇ, ನಮ್ಮ ಬೀದಿಯ ಹಿಂದಿನ ಕಲ್ಯಾಣಮಂಟಪದಲ್ಲಿ. ಕೇಳಿದವರಿಗೆ ನಾನು ಬೆಂಗಳೂರಿನಲ್ಲಿ ಇಂಟರ್‌ವ್ಯೂಗೆ ಹೋಗಿದ್ದೆ. ನಿಜವಾಗಿ ನಮ್ಮ ನಡುಮನೆಯಲ್ಲೇ ಚಾಪೆ ಹಾಸಿಕೊಂಡು ಫೋನಿನಲ್ಲಿ ಮದುವೆಯ ಲೈವ್ ನೋಡುತ್ತಿದ್ದೆ. ಇಲ್ಲೊಂದು ತಮಾಷೆ ಇದೆ. ಬೆಳಕಿನ ವೇಗದಲ್ಲಿ ಓಡುವ ಅಲೆ ಮಂಟಪದಿಂದ ಹೊರಟು, ಟವರು ಹತ್ತಿ, ಎಲ್ಲೆಲ್ಲೋ ಸುತ್ತಿ ನನ್ನ ಫೋನಿಗೆ ಬರುವಷ್ಟರಲ್ಲಿ, ಹಳ್ಳಿಗನ ಹಾಗೆ ನಡೆದು ಬರುವ ಬರೀ ಸದ್ದು ಕಿಟಕಿಯಿಂದ ಎಂದೋ ಒಳಗೆ ಬಂದಿರುತ್ತಿತ್ತು. ಗಟ್ಟಿಮೇಳ ಕಿಟಕಿಯಲ್ಲಿ ಮುಗಿದು ಹೋದ ಮೇಲೆ ಫೋನಿನಲ್ಲಿ ಭಾವ ತಾಳಿಗೆ ಕೈ ಹಾಕಿದ. ಬಾಯಿ ಮುಚ್ಚಿಕೊಂಡೇ ಇದ್ದ, ಪಾಪ.

ಹೋಮ ಶುರುವಾಯಿತು. ಪುರೋಹಿತರು ಹೊರಗಿನವರು, ನಮ್ಮ ಒಪ್ಪಂದ ಅವರಿಗೆ ಗೊತ್ತಿಲ್ಲ. ಅರಳಿನ ತಟ್ಟೆ ಎತ್ತಿ ಹಿಡಿದು, "ಹುಡುಗಿಯ ಒಡಹುಟ್ಟಿದವರು ಬರಲಿ" ಎಂದರು. ಚಿಕ್ಕಮ್ಮನ ಮಗ ಮುಂದೆ ಬಂದ. ಪುರೋಹಿತರು ಅವನ ಗೋತ್ರ ಕೇಳಿದರು. ಅವನು ತಲೆ ಕೆರೆದುಕೊಂಡ. "ಸ್ವಂತ ತಮ್ಮ ಇಲ್ಲವೇನಮ್ಮ?" ಎಂದರು. ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಅಪ್ಪ ಹೊಗೆಗೆ ಕಣ್ಣೊರೆಸಿಕೊಳ್ಳುವವನಂತೆ ಆಚೆ ತಿರುಗಿದ. ವಿಡಿಯೋದವನ ಮೈಕು ಅಕ್ಕನ ಹತ್ತಿರವೇ ಇತ್ತು.

"ಇಲ್ಲ ಸ್ವಾಮಿ, ನಂಗೆ ತಮ್ಮ ಇಲ್ಲ" ಎಂದಳು.

ಅರಳು ಬಿತ್ತು. ಅರ್ಧ ಅವಳ ಬೊಗಸೆಗೆ, ಅರ್ಧ ನೆಲಕ್ಕೆ. ಚಿಕ್ಕಮ್ಮನ ಮಗನಿಗೆ ಯಾವತ್ತೂ ಕೈ ನೆಟ್ಟಗಿಲ್ಲ.

ನಾನು ಫೋನನ್ನು ಬೋರಲು ಹಾಕಿ, "ಇಲ್ಲ ಸ್ವಾಮಿ, ನಂಗೆ ತಮ್ಮ ಇಲ್ಲ" ಎಂದು ಅವಳ ದನಿಯಲ್ಲಿ ಅಂದು ನೋಡಿದೆ. ಚೆನ್ನಾಗಿ ಬಂತು. ಇನ್ನೊಮ್ಮೆ ಅಂದೆ. ಆ ‘ಇಲ್ಲ’ದಲ್ಲಿ ಅವಳು ತಡವರಿಸಿರಲಿಲ್ಲ, ನಾನು ಸ್ವಲ್ಪ ತಡವರಿಸಿದ್ದೆ. ಅದನ್ನು ತಿದ್ದಿಕೊಂಡು ಮತ್ತೊಮ್ಮೆ ಅಂದೆ.

ಮಂಡಿನೋವೆಂದು ಮದುವೆಗೆ ಹೋಗದೆ ಉಳಿದಿದ್ದ ಪಕ್ಕದ ಮನೆಯ ಅಜ್ಜಿ ಗೋಡೆಯಾಚೆಯಿಂದ ಕೂಗಿದರು.

"ಏನಮ್ಮಣ್ಣೀ, ಮದ್ವೆ ನಡೆಯೋ ಹೊತ್ನಾಗೆ ಮದುಮಗ್ಳು ಮನೇಗೆ ಯಾಕ್ ಬಂದೆ? ಏನಾರ ಮರ್ತಿದ್ಯಾ?"

"ಏನಿಲ್ಲ ಅಜ್ಜಿ, ಎಲ್ಲಾ ತಗಂಡಿವ್ನಿ, ಹೋಯ್ತೀನಿ" ಎಂದೆ, ಅಕ್ಕನ ದನಿಯಲ್ಲೇ.